‘ಹುಡುಗಿ ಥರ ಅಳ್ಬೇಡ್ವೋ!’

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಹಾಲ್‌ನಲ್ಲಿ ಅಪ್ಪ, ಮಗ ಕೂತು ಮನೆ ಸಾಲವನ್ನು ಇನ್ನೊಂದು ಬ್ಯಾಂಕಿಗೆ ವರ್ಗಾಯಿಸೋ ವಿಷಯ ಮಾತಾಡ್ತಿದ್ದರು. ಅಲ್ಲಿ ಬಡ್ಡಿ ಕಾಲು ಪರ್ಸೆಂಟ್ ಕಡಿಮೆಯಂತೆ. ನಾನು ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದು, “ಪ್ರೊಸೆಸಿಂಗ್ ಫೀ ಎಷ್ಟು ಅಂತ ಮೊದಲು ಕೇಳಿ. ಅದರಲ್ಲೇ ಉಳಿತಾಯ ಎಲ್ಲಾ ಹೋಗಿಬಿಡುತ್ತೆ” ಅಂದೆ. ಹದಿಮೂರು ವರ್ಷದ ನನ್ನ ಮಗ ತಲೆ ಕೂಡ ಎತ್ತಲಿಲ್ಲ. “ನಿಂಗೇನ್ ಗೊತ್ತಾಗುತ್ತಮ್ಮ? ನೀನು ದೋಸೆ ಹಾಕು” ಅಂದ.

ನಮ್ಮನೆಯವರು ಪೇಪರ್ ಹಿಂದೆ ಸಣ್ಣಗೆ ನಕ್ಕರು.

ಮಾತು ಹೊಸದೇನಲ್ಲ ಬಿಡಿ. ನಿಮ್ಮ ಮನೆಯಲ್ಲೂ ಕೇಳಿರ್ತೀರಿ. ನನ್ನನ್ನು ಕುಟುಕಿದ್ದು ಅವನ ಧ್ವನಿ. ಅದು ಅವನದಾಗಿರಲಿಲ್ಲ, ಅವರಪ್ಪನದು. ಆ ‘ನಿಂಗೇನ್’ ಅನ್ನೋದನ್ನು ಎಳೆಯೋ ರೀತಿ ಇದೆಯಲ್ಲ, ಅದು ತೀರಿಕೊಂಡ ನನ್ನ ಮಾವನವರದು. ಮೂರು ತಲೆಮಾರಿನ ಗಂಡಸರು ಒಂದೇ ಬಾಯಲ್ಲಿ ಮಾತಾಡಿದ ಹಾಗಾಯಿತು. ಹೆಂಚಿನ ಮೇಲಿದ್ದ ದೋಸೆ ಸೀದು ಹೋಯಿತು.

ಅವತ್ತು ಮಧ್ಯಾಹ್ನ ಪಾತ್ರೆ ಉಜ್ಜುತ್ತಾ ಯೋಚಿಸಿದೆ. ಹುಟ್ಟಿದಾಗ ಎರಡೂಮುಕ್ಕಾಲು ಕೆ.ಜಿ. ಇದ್ದ ಈ ಮಗುವಿಗೆ ಇದನ್ನೆಲ್ಲ ಕಲಿಸಿದವರು ಯಾರು? ಅಪ್ಪನೇ, ತಾತನೇ, ಸಿನಿಮಾವೇ, ಸ್ಕೂಲ್ ವ್ಯಾನಿನ ಗೆಳೆಯರೇ? ಪಟ್ಟಿ ಹಾಕುತ್ತಾ ಹೋದ ಹಾಗೆ ಅದರಲ್ಲಿ ನನ್ನ ಹೆಸರೂ ಬಂತು. ಬರಲೇಬೇಕಿತ್ತು.

ಅವನಿಗಾಗ ಆರು ವರ್ಷ. ಮನೆ ಮುಂದಿನ ರಸ್ತೆಯಲ್ಲಿ ಸೈಕಲ್ ಕಲಿಯುವಾಗ ಬಿದ್ದು ಮೊಣಕಾಲು ತರಚಿಕೊಂಡಿದ್ದ. ಎದುರುಮನೆಯವರೆಲ್ಲ ನೋಡುತ್ತಿದ್ದಾರಲ್ಲ ಅನ್ನೋ ಮುಜುಗರ ನನಗೆ. “ಛೀ, ಹುಡುಗಿ ಥರ ಅಳ್ಬೇಡ್ವೋ! ನೀನು ಗಂಡ್ಸು ಕಣೋ!” ಅಂದಿದ್ದೆ. ಅವನು ಅಳು ನುಂಗಿಕೊಂಡ. ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ ಮಗಳು, ಆಗ ಅವಳಿಗೆ ಎಂಟು, “ಅಮ್ಮಾ, ನಾನು ಬಿದ್ದಾಗ ಯಾವತ್ತು ಅತ್ತಿದ್ದೀನಿ?” ಅಂತ ಕೇಳಿದಳು. “ಬಾಯ್ಮುಚ್ಚು, ಹೋಗಿ ಅರಿಶಿನ ತಗೊಂಡ್ ಬಾ” ಅಂದೆ. ಒಂದೇ ನಿಮಿಷದಲ್ಲಿ ಇಬ್ಬರಿಗೂ ಪಾಠ ಆಯಿತು ನೋಡಿ. ಹುಡುಗಿ ಥರ ಇರೋದು ನಾಚಿಕೆಗೇಡು ಅಂತ ಅವನಿಗೆ, ತಾನು ಆ ನಾಚಿಕೆಗೇಡು ಅಂತ ಅವಳಿಗೆ.

ದ್ವೇಷ ಅಂದ್ರೆ ದೊಡ್ಡ ಮಾತಾಯ್ತಾ?

‘ಸ್ತ್ರೀದ್ವೇಷ’ ಅನ್ನೋ ಪದ ಕೇಳಿದರೆ ನಮಗೆಲ್ಲ ಇದೇನೋ ಭಾಷಣದವರ ಮಾತು ಅನ್ನಿಸುತ್ತೆ. ನಮ್ಮ ಮನೆ ಗಂಡಸರು ಹೆಂಗಸರನ್ನು ದ್ವೇಷಿಸ್ತಾರಾ? ಇಲ್ಲಪ್ಪ. ಅಮ್ಮ ಅಂದರೆ ಪ್ರಾಣ, ಮಗಳೆಂದರೆ ಜೀವ. ಗೌರಿಹಬ್ಬಕ್ಕೆ ಅಕ್ಕತಂಗಿಯರಿಗೆ ತಪ್ಪದೆ ಬಾಗಿನ ಕೊಡ್ತಾರೆ. ನಾವು ಮೈಸೂರಿನವರಂತೂ ಚಾಮುಂಡಿ ತಾಯಿಯನ್ನು 750 ಕೆ.ಜಿ. ತೂಕದ ಚಿನ್ನದ ಅಂಬಾರಿಯಲ್ಲಿ ಕೂರಿಸಿ ಮೆರವಣಿಗೆ ಮಾಡುವವರು. ಅದೇ ಮೆರವಣಿಗೆಯ ನೂಕುನುಗ್ಗಲಿನಲ್ಲಿ ಎದೆಗೆ ಅಡ್ಡಲಾಗಿ ವ್ಯಾನಿಟಿ ಬ್ಯಾಗ್ ಹಿಡಿದು ನಿಲ್ಲೋದನ್ನು ಹನ್ನೆರಡನೇ ವರ್ಷಕ್ಕೇ ಕಲಿತವಳು ನಾನು. ಯಾರೂ ಹೇಳಿಕೊಡಲಿಲ್ಲ, ಅಕ್ಕನನ್ನು ನೋಡಿ ಕಲಿತೆ.

ಹಾಗಾಗಿ ದ್ವೇಷ ಅಂದರೆ ಹಲ್ಲು ಕಡಿಯೋದೇ ಆಗಬೇಕಿಲ್ಲ. ಹೆಣ್ಣೆಂದರೆ ಒಂದು ಮೆಟ್ಟಿಲು ಕೆಳಗೆ ಅನ್ನುವ ನಂಬಿಕೆ ಗಾಳಿ ಥರ ಮನೆ ತುಂಬಾ ಇರುತ್ತೆ. ಗಾಳಿ ಯಾರ ಕಣ್ಣಿಗೆ ಕಾಣುತ್ತೆ ಹೇಳಿ? ಬೀದಿಯಲ್ಲಿ ಎರಡು ಬೈಕ್ ತಾಗಿ ಇಬ್ಬರು ಗಂಡಸರು ಜಗಳಕ್ಕೆ ನಿಂತರು ಅಂತಿಟ್ಟುಕೊಳ್ಳಿ. ತಪ್ಪು ಇವರದ್ದು, ಬ್ರೇಕ್ ಹಾಕದವರು ಇವರು. ಬೈಗುಳ ತಿನ್ನೋರು ಮಾತ್ರ ಎರಡೂ ಮನೆಗಳಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರುವ ತಾಯಂದಿರು, ಅಕ್ಕತಂಗಿಯರು! ಎದುರಾಳಿಯನ್ನೇ ಬೈಯಬೇಕಾದರೂ “ಬಳೆ ತೊಟ್ಕೊಂಡು ಕೂತ್ಕೋ ಹೋಗು” ಅಂತಲೇ. ನಾವು ಮುತ್ತೈದೆಯ ಭಾಗ್ಯ ಅಂತ ಕಣ್ಣಿಗೊತ್ತಿಕೊಂಡು ತೊಡುವ ಬಳೆ ಗಂಡಸಿನ ಕೈಗೆ ಬಂದ ಕೂಡಲೇ ಅವಮಾನ ಆಗಿಬಿಡುತ್ತೆ.

ಇದರ ಇನ್ನೊಂದು ಮಗ್ಗುಲು ನೋಡಿ. ಮಗಳು ಚೆನ್ನಾಗಿ ಓದಿ, ಸಂಪಾದಿಸಿ, ಅಪ್ಪ ಅಮ್ಮನನ್ನು ನೋಡಿಕೊಂಡರೆ “ಅವಳು ಮಗಳಲ್ಲ ಕಣ್ರೀ, ಮಗ ಇದ್ದಂಗೆ” ಅಂತ ಹೊಗಳುತ್ತೇವೆ. ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮನ ಮಾತು ಬಂದರೆ ‘ಗಂಡಿನಂತೆ ಹೋರಾಡಿದಳು’ ಅನ್ನುತ್ತೇವೆ. ಚಿತ್ರದುರ್ಗದ ಓಬವ್ವ ಹಿಡಿದದ್ದು ಕತ್ತಿಯಲ್ಲ, ಭತ್ತ ಕುಟ್ಟೋ ಒನಕೆ. ಆದರೂ ‘ಗಂಡೆದೆ’ಯ ಪಟ್ಟ ಅವಳಿಗೂ ತಪ್ಪಲಿಲ್ಲ. ಆದರೆ ತಾಯಿಯ ಕಾಲೊತ್ತುವ, ಜ್ವರ ಬಂದ ಅಜ್ಜಿಗೆ ಗಂಜಿ ಕುಡಿಸುವ ಹುಡುಗನಿಗೆ “ಮಗಳಿದ್ದಂಗೆ ಕಣಪ್ಪಾ ನೀನು” ಅಂತ ಯಾರಾದರೂ ಬೆನ್ನು ತಟ್ಟಿದ್ದನ್ನು ಕೇಳಿದ್ದೀರಾ? ಅದು ಹೊಗಳಿಕೆಯಾಗೋದೇ ಇಲ್ಲ. ಅವನಿಗೆ ಸಿಗೋದು ‘ಹೆಣ್ಣಿಗ’ ಅನ್ನೋ ಪಟ್ಟ.

ಭಾಷೆಯೊಳಗೇ ಇದು ಎಷ್ಟು ಹಳೆಯದು ಅಂತೀರಾ! ವಿಜಯನಗರದ ಅರಸರಿಗೆ ‘ಮೂರುರಾಯರ ಗಂಡ’ ಅಂತ ಬಿರುದಿತ್ತು. ಗಂಡ ಅಂದರೆ ಅಲ್ಲಿ ಒಡೆಯ, ಗೆದ್ದವನು. ಸೋತ ಆ ಮೂವರು ರಾಯರು ಏನಾದರು ಅಂತ ನಾನು ಬೇರೆ ಹೇಳಬೇಕಾ? ಅದೇ ಪದವನ್ನು ನಾವು ಮನೆಯಲ್ಲಿ ತಾಳಿ ಕಟ್ಟಿದವರಿಗೆ ಬಳಸುತ್ತಿದ್ದೇವೆ. ಹಾಗಂತ ಇನ್ನೊಂದು ಪದ ಹುಡುಕಿ ಅನ್ನುತ್ತಿಲ್ಲ, ‘ನಮ್ಮನೆಯವರು’ ಅನ್ನೋದು ನನಗೂ ಬಾಯಿಗೆ ಬಂದುಬಿಟ್ಟಿದೆ. ಪದದೊಳಗೆ ಏನು ಕೂತಿದೆ ಅಂತ ಗೊತ್ತಿರಲಿ ಅಷ್ಟೇ.

ಮಣಿಸುವವನೇ ಹೀರೋ

1989ರಲ್ಲಿ ಬಂದ ‘ನಂಜುಂಡಿ ಕಲ್ಯಾಣ’ ನೆನಪಿದೆ ಅಲ್ವಾ? ಮಾಲಾಶ್ರೀಯನ್ನು ಕನ್ನಡದ ಕನಸಿನ ರಾಣಿ ಮಾಡಿದ ಸಿನಿಮಾ. ಟಿವಿಯಲ್ಲಿ ಬಂದಾಗಲೆಲ್ಲ ನಾವು ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಸೊಕ್ಕಿನ ಹೆಣ್ಣನ್ನು ಗಂಡ ಮಣಿಸುವ ಕಥೆ. ಆ ಕಥೆಯ ಬೇರು ಶೇಕ್ಸ್‌ಪಿಯರ್‌ನ ‘ದಿ ಟೇಮಿಂಗ್ ಆಫ್ ದಿ ಶ್ರೂ’, ಅಂದರೆ ನಾನೂರು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ ನಾಟಕ! ಅದಕ್ಕೂ ಮೊದಲು 1976ರಲ್ಲಿ ರಾಜ್‌ಕುಮಾರ್, ಜಯಂತಿ ಅಭಿನಯದ ‘ಬಹದ್ದೂರ್ ಗಂಡು’ ಬಂದಿತ್ತು. ಅಲ್ಲೂ ಅಹಂಕಾರಿ ಹೆಣ್ಣಿಗೆ ಬುದ್ಧಿ ಕಲಿಸೋದೇ ಕೆಲಸ. ಇದು ನಮ್ಮ ದೇಶದ ರೋಗ, ಅವರ ದೇಶದ ರೋಗ ಅಂತ ಬೇಲಿ ಹಾಕೋಕೆ ಆಗಲ್ಲ ಅನ್ನೋದಕ್ಕೆ ಹೇಳಿದೆ. ಅಲ್ಲಿಂದ ಇಲ್ಲಿಗೆ ಬಂದರೂ ಕಥೆ ಒಂದು ಚೂರೂ ಮುಕ್ಕಾಗಲಿಲ್ಲ, ನಮ್ಮೂರಿನದೇ ಅನ್ನೋ ಹಾಗೆ ಒಗ್ಗಿಹೋಯಿತು.

ಆ ಸಿನಿಮಾಗಳನ್ನು ಬಹಿಷ್ಕರಿಸಿ ಅಂತ ನಾನು ಹೇಳಲ್ಲ. ಈಗಲೂ ಬಂದರೆ ನೋಡ್ತೀನಿ. ಆದರೆ ಈ ಸಲ ಮಗಳು ಪಕ್ಕದಲ್ಲಿದ್ದಳು. “ಅವಳು ಜೋರಾಗಿ ಮಾತಾಡಿದ್ದು ಬಿಟ್ರೆ ಏನು ತಪ್ಪು ಮಾಡಿದ್ಲಮ್ಮ?” ಅಂತ ಕೇಳಿದಳು. ನನಗೆ ಥಟ್ಟಂತ ಉತ್ತರ ಹೊಳೆಯಲಿಲ್ಲ. ಮುಂದೆ ಇದೇ ಮಾಲಾಶ್ರೀ 2004ರ ‘ದುರ್ಗಿ’ಯಂಥ ಚಿತ್ರಗಳಲ್ಲಿ ರೌಡಿಗಳನ್ನು ಚಚ್ಚಿದಾಗ ಶಿಳ್ಳೆ ಹೊಡೆದವರೂ ಗಂಡಸರೇ. ಹೆಣ್ಣು ಗಂಡಾದರೆ ಶಿಳ್ಳೆ. ಗಂಡು ಹೆಣ್ಣಾದರೆ ಕಾಮಿಡಿ ಸೀನು.

ಈಗಿನ ಕಾಲ ಹಾಗಿಲ್ಲ ಅಂತೀರಾ? 2023ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಫ್ರೀ ಆಯಿತಲ್ಲ, ಆಗ ಮೊಬೈಲಿಗೆ ಬಂದ ಜೋಕುಗಳನ್ನು ನೆನಪು ಮಾಡಿಕೊಳ್ಳಿ. ಗಂಡನ ಊಟಕ್ಕಿಲ್ಲ, ಹೆಂಡತಿ ಧರ್ಮಸ್ಥಳದಲ್ಲಿ. ಹೆಂಗಸರು ಮನೆ ಬಿಟ್ಟು ಊರೂರು ಸುತ್ತುತ್ತಾರೆ... ಯೋಜನೆ ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ, ಖಜಾನೆಯ ಲೆಕ್ಕ ಯಾರು ಬೇಕಾದರೂ ಕೇಳಲಿ. ಆದರೆ ಆ ಜೋಕುಗಳು ಖಜಾನೆಯ ಬಗ್ಗೆ ಇರಲಿಲ್ಲ. ಹೆಂಗಸು ಹೇಳದೆ ಕೇಳದೆ ಹೊಸಿಲು ದಾಟಿದಳಲ್ಲ ಅನ್ನೋ ತಳಮಳ ಅಲ್ಲಿದ್ದದ್ದು. ಆ ಜೋಕುಗಳನ್ನು ನಮ್ಮ ಲೇಡೀಸ್ ಗ್ರೂಪಿಗೆ ಕಳಿಸಿದವರಲ್ಲಿ ನಾನೂ ಒಬ್ಬಳು. ಒಪ್ಪಿಕೊಳ್ತೀನಿ.

ತಮಾಷೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದಕ್ಕೆ ಸರ್ಕಾರದ ಲೆಕ್ಕವೇ ಇದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಕಾರಣಗಳನ್ನು ಮುಂದಿಟ್ಟು, ಗಂಡ ಹೆಂಡತಿಗೆ ಹೊಡೆಯೋದು ಸರಿಯೇ ಅಂತ ಕೇಳಿದ್ದರು. ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ – ಇಂಥವು. ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ಸುಮಾರು 82 ಮಂದಿ ಇವುಗಳಲ್ಲಿ ಒಂದಾದರೂ ಕಾರಣಕ್ಕೆ ‘ಸರಿ’ ಅಂದರು. ಎದೆ ಧಸಕ್ ಅನ್ನಿಸೋದು ಮುಂದಿನ ಲೆಕ್ಕ. ಹೆಂಗಸರಲ್ಲೂ ನೂರಕ್ಕೆ 77 ಮಂದಿ ‘ಸರಿ’ ಅಂದಿದ್ದಾರೆ! ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. 2015-16ರಲ್ಲಿ ಆ ಸಂಖ್ಯೆ 21ರ ಆಸುಪಾಸಿನಲ್ಲಿತ್ತು. ಅಡುಗೆ ಸರಿಯಿಲ್ಲದ್ದಕ್ಕೆ ಪೆಟ್ಟು ಸರಿ ಅಂತ ಹೇಳಿದ ಹೆಂಗಸು ಎಲ್ಲೋ ದೂರದಲ್ಲಿಲ್ಲ. ಹಾಲಿನ ಬೂತಿನಲ್ಲಿ ನನ್ನ, ನಿಮ್ಮ ಪಕ್ಕದಲ್ಲೇ ನಿಂತಿರ್ತಾಳೆ.

ನಲ್ಲಿ ತಿರುಗಿಸಿ ಅತ್ತವರು

‘ಅಳೋ ಗಂಡಸನ್ನ, ನಗೋ ಹೆಂಗಸನ್ನ ನಂಬಬಾರದು’ ಅಂತ ನಮ್ಮಜ್ಜಿ ಹೇಳೋರು. ಹೆಂಗಸು ನಗಬಾರದು ಅನ್ನೋದಷ್ಟೇ ನನ್ನ ಕಿವಿಗೆ ಬೀಳುತ್ತಿತ್ತು. ಗಾದೆಯ ಮೊದಲ ಅರ್ಧ ಅರ್ಥವಾಗಿದ್ದು ಮೂರು ವರ್ಷದ ಹಿಂದೆ, ಮಾವನವರು ತೀರಿಕೊಂಡಾಗ.

ನಮ್ಮನೆಯವರಿಗೆ ಅಪ್ಪ ಅಂದರೆ ಅಷ್ಟಿಷ್ಟಲ್ಲ. ಆದರೂ ಹನ್ನೊಂದು ದಿನವೂ ಒಂದು ಹನಿ ಕಣ್ಣೀರು ಹಾಕಲಿಲ್ಲ. ಶಾಮಿಯಾನದವನು, ಅಡುಗೆಯವನು, ಪುರೋಹಿತರು ಅಂತ ಓಡಾಡಿದರು. “ಎಂಥ ಗಟ್ಟಿ ಗುಂಡಿಗೆ ನಿನ್ನ ಗಂಡಂದು” ಅಂತ ನೆಂಟರೆಲ್ಲ ನನ್ನ ಹತ್ತಿರ ಹೊಗಳಿದರು. ಕಾರ್ಯ ಎಲ್ಲ ಮುಗಿದ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಬಾತ್‌ರೂಮಿನಲ್ಲಿ ನಲ್ಲಿ ಜೋರಾಗಿ ಹರಿಯುತ್ತಿತ್ತು. ಬಾಗಿಲು ತಟ್ಟಿದೆ. “ಮುಖ ತೊಳೀತಿದ್ದೀನಿ, ನೀನು ಮಲ್ಕೋ” ಅಂದರು. ಆ ಧ್ವನಿಯಲ್ಲೇ ಗೊತ್ತಾಯಿತು. ನಾನು ಸುಮ್ಮನೆ ಬಂದು ಮಲಗಿದೆ. ಬಾಗಿಲಲ್ಲೇ ನಿಲ್ಲಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ.

ಆಮೇಲಿನ ಆರು ತಿಂಗಳು ಮನೆಯಲ್ಲಿ ಬರೀ ಕೂಗಾಟ. ಸಾರಿಗೆ ಉಪ್ಪು ಜಾಸ್ತಿ, ಸ್ಕೂಟರ್ ಕೀ ಎಲ್ಲಿ, ಟಿವಿ ಸೌಂಡು ಯಾಕಿಷ್ಟು? ಮಕ್ಕಳು ಅವರು ಬರುವ ಹೊತ್ತಿಗೆ ರೂಮು ಸೇರಿಕೊಳ್ಳುತ್ತಿದ್ದವು. ಕೊನೆಗೆ ತಲೆಸುತ್ತು ಅಂತ ಡಾಕ್ಟರ ಹತ್ತಿರ ಹೋದರೆ ಬಿ.ಪಿ. ಏರಿತ್ತು. ನೋಡಿ, ಗಂಡಸಿಗೆ ನಾವು ಬಿಟ್ಟುಕೊಟ್ಟಿರುವ ಭಾವನೆ ಅಂದರೆ ಸಿಟ್ಟು ಒಂದೇ. ದುಃಖ ಬಂದರೂ ಅದೇ ಬಾಗಿಲಲ್ಲಿ ಬರಬೇಕು, ಹೆದರಿಕೆಯಾದರೂ ಅದೇ ಬಾಗಿಲಲ್ಲಿ. ಬಾಗಿಲ ಆಚೆ ನಿಂತಿರೋದು ಹೆಂಡತಿ, ಮಕ್ಕಳು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಸಾಲ, ಕಾಯಿಲೆ, ಸಂಸಾರದ ಜಗಳ ಅಂತ ಕಾರಣ ನೂರಿರಬಹುದು. ಅವರಲ್ಲಿ ಎಷ್ಟು ಜನ ಯಾರ ಮುಂದೆಯಾದರೂ ಬಾಯಿಬಿಟ್ಟು ‘ನನ್ನ ಕೈಲಾಗ್ತಿಲ್ಲ’ ಅಂದಿದ್ದರೋ!

ನಮ್ಮತ್ತೆಯ ಕಥೆ ಇನ್ನೊಂದು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಅವರದು, ಗಣಿತದಲ್ಲಿ ಮುಂದು. ಮದುವೆಯಾದ ಮೇಲೆ ನಲವತ್ತೈದು ವರ್ಷ “ನಿಂಗೇನ್ ಗೊತ್ತಾಗುತ್ತೆ” ಅನ್ನೋ ಮಾತು ಕೇಳಿಕೊಂಡೇ ಬಂದವರು. ಮಾವ ಹೋದ ಮೇಲೆ ಪೆನ್ಷನ್ ತೆಗೆಯೋಕೆ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಚಲನ್ ಎದುರಿಗಿಟ್ಟುಕೊಂಡು ಪೆನ್ನು ಹಿಡಿದ ಕೈ ನಡುಗುತ್ತಿತ್ತು. “ನಂಗೇನು ಗೊತ್ತಾಗುತ್ತಮ್ಮ, ನೀನೇ ಬರಿ” ಅಂದರು. ಮಾತು ಅದೇ, ಈಗ ಅವರ ಬಾಯಲ್ಲೇ. ನಲವತ್ತೈದು ವರ್ಷ ಹೇಳಿ ಹೇಳಿ ಅದನ್ನು ನಿಜ ಮಾಡಿಬಿಟ್ಟಿದ್ದರು. ಭಾನುವಾರ ನನ್ನ ಮಗ ಅದೇ ಮಾತನ್ನಾಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ನಡುಗುವ ಕೈ.

ಹಾಗಾದ್ರೆ ನಾವೇನು ಮಾಡೋಣ?

ಮೊದಲು ನಾನು ಮಾಡಿದ ತಪ್ಪು ಕೇಳಿ. ಅವತ್ತು ಸಂಜೆ ಮಗನನ್ನು ಕೂರಿಸಿಕೊಂಡು ಒಂದು ಗಂಟೆ ಉಪದೇಶ ಮಾಡಿದೆ. ಅವನು ಆಕಳಿಸಿದ. ಭಾಷಣ ಮಕ್ಕಳಿಗೆ ತಾಗಲ್ಲ, ಸ್ಕೂಲಿನಲ್ಲೇ ಬೇಕಾದಷ್ಟು ಸಿಗುತ್ತೆ. ಮರುದಿನ ಸಾಲದ ಕಾಗದ, ಕ್ಯಾಲ್ಕುಲೇಟರ್ ಎರಡನ್ನೂ ಡೈನಿಂಗ್ ಟೇಬಲ್ ಮೇಲಿಟ್ಟು, “ನೀನೇ ಲೆಕ್ಕ ಹಾಕು” ಅಂದೆ. ಉಳಿದಿರೋ ಸಾಲ 14 ಲಕ್ಷ. ಕಾಲು ಪರ್ಸೆಂಟ್ ಅಂದರೆ ಮೊದಲ ವರ್ಷ ಉಳಿಯೋದು ಹೆಚ್ಚೆಂದರೆ 3,500. ಹೊಸ ಬ್ಯಾಂಕಿನ ಫೀ 7,000, ಅದರ ಮೇಲೆ ಶೇ 18 ಜಿ.ಎಸ್.ಟಿ., ಒಟ್ಟು 8,260. ಹಾಕಿದ ದುಡ್ಡು ವಾಪಸ್ ಬರೋದಕ್ಕೇ ಎರಡು ವರ್ಷ ದಾಟುತ್ತೆ. ಅವನು ಎರಡು ಸಲ ಗುಣಿಸಿದ, ಅಕ್ಕನ ಹತ್ತಿರ ತೋರಿಸಿದ. “ಹೌದಲ್ವಾ...” ಅಂದ. ಸಾರಿ ಗೀರಿ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ರಾತ್ರಿ ಅವರಪ್ಪನಿಗೆ ಅವನೇ ಲೆಕ್ಕ ಒಪ್ಪಿಸಿದ, “ಅಮ್ಮ ಹೇಳಿದ್ದು ಸರಿ ಇತ್ತಪ್ಪ” ಅಂತ. ಇದ್ದ ಬ್ಯಾಂಕಿನಲ್ಲೇ ಬಡ್ಡಿ ಇಳಿಸೋಕೆ ಅರ್ಜಿ ಕೊಡೋದು ಅಂತ ತೀರ್ಮಾನ ಆಯಿತು.

ಜೋಕುಗಳ ವಿಷಯಕ್ಕೆ ಬಂದರೆ, ಮುಖ ಗಂಟಿಕ್ಕಿ ಎದ್ದು ಹೋಗೋದರಿಂದ ಏನೂ ಆಗಲ್ಲ. “ತಮಾಷೆಗೆ ಹೇಳಿದ್ರೆ ಸಿಟ್ಟಾಗ್ತಾಳೆ” ಅನ್ನಿಸಿಕೊಳ್ತೀರಿ ಅಷ್ಟೇ. “ಅರ್ಥ ಆಗ್ಲಿಲ್ಲ, ಸ್ವಲ್ಪ ಬಿಡಿಸಿ ಹೇಳಿ” ಅಂತ ನಗುನಗುತ್ತಲೇ ಕೇಳಿ ನೋಡಿ. ಹೆಂಗಸರ ಡ್ರೈವಿಂಗ್ ಜೋಕನ್ನು ನಮ್ಮ ಮೈದುನ ಹೀಗೆ ಬಿಡಿಸಿ ಹೇಳೋಕೆ ಹೋಗಿ ಅರ್ಧಕ್ಕೇ ತಡವರಿಸಿದ. ಅವನ ಹೆಂಡತಿ ಜೋರಾಗಿ ನಕ್ಕಳು. ಅದು ಅವನ ಜೋಕಿಗಂತೂ ಅಲ್ಲ.

ಮನೆಗೆಲಸದ ವಿಷಯದಲ್ಲಿ ಮಗನಿಗೆ ‘ಅಮ್ಮನಿಗೆ ಹೆಲ್ಪ್ ಮಾಡು’ ಅನ್ನೋದನ್ನು ನಾನು ಬಿಟ್ಟಿದ್ದೇನೆ. ಹೆಲ್ಪ್ ಅಂದ ಕೂಡಲೇ ಅದು ನನ್ನ ಕೆಲಸ, ಅವನದು ಉಪಕಾರ ಅಂತಾಗುತ್ತೆ. ‘ನಿನ್ನ ತಟ್ಟೆ, ನೀನು ತೊಳಿ’ ಅಷ್ಟೇ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ ಸ್ವಾಮಿ, ಕಡ್ಡಿ ಅಲ್ಲಾಡಿಸದವರು ಇದರಲ್ಲಿ ಸೇರಿಲ್ಲ! “ಗಂಡು ಮಗ ಪಾತ್ರೆ ತಿಕ್ಕೋದಾ?” ಅಂತ ನಮ್ಮತ್ತೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಜಗಳಕ್ಕೆ ಹೋಗಲಿಲ್ಲ. ಅವರಿಗೂ ಒಂದು ಕೆಲಸ ಒಪ್ಪಿಸಿದೆ, ಮೊಮ್ಮಗನಿಗೆ ಗಣಿತ ಹೇಳಿಕೊಡೋದು. ಬೀಜಗಣಿತದ ಲೆಕ್ಕ ಬಿಡಿಸುವಾಗ ಅವರ ಕೈ ನಡುಗಲ್ಲ ನೋಡಿ.

ಒಂದು ಮಾತು ಮಾತ್ರ ಇದೆಲ್ಲದರಿಂದ ಬೇರೆಯಾಗಿ ಹೇಳಬೇಕು. ತಮಾಷೆ, ಕೊಂಕು ದಾಟಿ ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ ಲೆಕ್ಕಪುಸ್ತಕ, ನಗು, ಜಾಣತನ ಯಾವುದೂ ಸಾಲಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅನ್ನೋ ಗಾದೆ ನಂಬಿಕೊಂಡು ಕೂರಬೇಡಿ. 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಹೊಡೆತವನ್ನಷ್ಟೇ ಹಿಂಸೆ ಅನ್ನುವುದಿಲ್ಲ. ಹೀಯಾಳಿಕೆ, ಅವಮಾನ, ಗಂಡು ಮಗು ಹೆರಲಿಲ್ಲ ಅನ್ನುವ ಚುಚ್ಚುಮಾತು ಕೂಡ ಅದರಲ್ಲಿ ಸೇರಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯಲ್ಲಿ ಕೇಳಿದರೂ ಅವರ ಕಚೇರಿಯ ದಾರಿ ಹೇಳುತ್ತಾರೆ. ಮಹಿಳಾ ಸಹಾಯವಾಣಿ 181, ತಕ್ಷಣ ಪೊಲೀಸರು ಬೇಕಿದ್ದರೆ 112. ಬೇಳೆ ಡಬ್ಬದ ಮುಚ್ಚಳದ ಒಳಗಡೆ ಬರೆದಿಟ್ಟುಕೊಳ್ಳಿ. ನಿಮಗೆ ಬೇಡದಿದ್ದರೆ ಮನೆಗೆಲಸಕ್ಕೆ ಬರುವವಳಿಗೆ, ಮೇಲಿನ ಮನೆಯವಳಿಗೆ ಬೇಕಾಗಬಹುದು.

ಇನ್ನು ನಮ್ಮನೆಯವರ ಕಥೆ. ನಿಜ ಹೇಳಬೇಕೆಂದರೆ ಅವರು ಮನೆಗೆಲಸ ಮಾಡದವರೇನಲ್ಲ. ಅವರ ಉಪ್ಪಿಟ್ಟು ನನ್ನದಕ್ಕಿಂತ ಉದುರುದುರಾಗಿರುತ್ತೆ. ಆದರೆ ಅವರಣ್ಣ ಬಂದ ಸದ್ದಾದರೆ ಸಾಕು, ಸೌಟು ನನ್ನ ಕೈಗೆ ಬರುತ್ತಿತ್ತು. ಬಟ್ಟೆ ಒಣಹಾಕೋದಾದರೆ ಕತ್ತಲಾದ ಮೇಲೇ ಟೆರೇಸ್ ಹತ್ತೋದು. ನಾನು ಇಷ್ಟು ವರ್ಷ ಅದನ್ನು ಹಿಡಿದು ಛೇಡಿಸಿದ್ದೂ ಉಂಟು, ಅಡುಗೆಭಟ್ಟರೇ ಅಂತ. ಈಗ ಛೇಡಿಸೋದು ಬಿಟ್ಟೆ. ಬೇರೇನೂ ಮಾಡಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಬಿಸಿಲು ಚೆನ್ನಾಗಿ ಬಿದ್ದಿತ್ತು, ಬಕೆಟ್ ಎತ್ತಿಕೊಂಡು ಮೇಲೆ ಹೋದರು. ಹಿಂದೆ ಮಗ ಕ್ಲಿಪ್ಪಿನ ಡಬ್ಬ ಹಿಡಿದು ಹೋದ. ನಾನು ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಪಕ್ಕದ ಟೆರೇಸಿನಿಂದ ಯಾರೋ ಕೇಳಿದ್ದು ಕೇಳಿಸಿತು.

“ಏನ್ಸಾರ್, ಮನೆಯವ್ರು ಊರಲ್ಲಿಲ್ವಾ?”

ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಮ್ಮನೆಯವರ ಧ್ವನಿ.

“ಇದಾರಲ್ಲ ಸಾರ್. ಕಾಫಿ ಕುಡೀತಿದಾರೆ.”